ಹಸಿ ಉಳಿದ ಸಾಲು

ನನ್ನ ಹೆಂಡತಿ ಮನೆ ಬಿಟ್ಟು ಹೋದ ಹೊತ್ತಿನಲ್ಲಿ ನಾನು ಮೇಲಿನ ಶಾಲೆಯಲ್ಲಿ ನಿಂತು, ಓದುವುದು ಹೇಗೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಾಯಿ ಬಿಡದಿದ್ದರೆ ನಮ್ಮೂರಿನವರು ಯಾರಾದರೂ ಹೇಳಿಯೇ ಹೇಳುತ್ತಾರೆ, ಅದೂ ಕಿಸಿಕಿಸಿ ನಗುತ್ತಾ. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಓದು ಕಲಿಸಿದ ಮರುಳಪ್ಪ ಮೇಷ್ಟ್ರಿಗೆ ಹೆಂಡತಿ ಬರೆದಿಟ್ಟ ಒಂದು ಹಾಳೆಯನ್ನು ಮಾಗಿಸಲು ಆಗಲಿಲ್ಲ ಎಂಬ ಸುದ್ದಿ ಅವರಿಗೆ ಹೋಳಿಗೆಗಿಂತ ಹೆಚ್ಚು ರುಚಿಸಿತು. ರುಚಿಸಲಿ. ನಾನೂ ಎಷ್ಟೋ ಜನರ ಹಸಿ ಕಾಗದ ನೋಡಿ ಮೀಸೆಯಲ್ಲೇ ನಕ್ಕವನು.

ನಮ್ಮೂರಿನಲ್ಲಿ ಯಾರು ಏನು ಬರೆದರೂ ಅಕ್ಷರ ಒಲೆಯ ಬೂದಿಯ ಬಣ್ಣಕ್ಕಿರುತ್ತದೆ. ಹಾಳೆ ಯಾರ ಕೈಯಲ್ಲಿದೆಯೋ ಅವರಿಗೆ ಅರ್ಥವಾದ ಸಾಲು ಮಾತ್ರ ಕಪ್ಪಾಗುತ್ತದೆ. ಕೆಳಗಿಟ್ಟರೆ, ಇಲ್ಲವೇ ಇನ್ನೊಬ್ಬರ ಕೈಗೆ ಕೊಟ್ಟರೆ, ಮತ್ತೆ ಬೂದಿ. ಕಪ್ಪಾದರೆ ಮಾಗಿತು ಎನ್ನುತ್ತೇವೆ, ಆಗದಿದ್ದರೆ ಹಸಿ ಎನ್ನುತ್ತೇವೆ. ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ನಮಗೆ ಅದರಲ್ಲಿ ಸೋಜಿಗವೇನೂ ಇಲ್ಲ, ಮುಜುಗರ ಮಾತ್ರ ಬೇಕಾದಷ್ಟಿದೆ. ಗುಡಿಯ ಅಯ್ಯನವರು ಗ್ರಂಥ ಓದುವಾಗ ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಕೂರುತ್ತಾರೆ, ಹಿಂದೆ ಯಾರೂ ನಿಲ್ಲಲು ಜಾಗವಿರಬಾರದೆಂದು. ಹೊಸ ಸೊಸೆ ಅಡುಗೆ ಪುಸ್ತಕ ಹಿಡಿದರೆ ಅತ್ತೆ ನೀರು ಕುಡಿಯುವ ನೆಪ ಮಾಡಿಕೊಂಡು ಪಕ್ಕದಲ್ಲಿ ಸುಳಿದಾಡುತ್ತಾಳೆ. ನಮ್ಮ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಎಂಬುದೇ ಇಲ್ಲ. ಮಗು ಪಾಠ ಹಿಡಿದು ನಿಲ್ಲುತ್ತದೆ, ನಾವು ಪಕ್ಕದಿಂದ ಒಮ್ಮೆ ನೋಡುತ್ತೇವೆ, ಪರೀಕ್ಷೆ ಮುಗಿಯಿತು.

ಅಂಥ ಊರಿನಲ್ಲಿ ಓದಿನ ಮೇಷ್ಟ್ರಾಗುವುದೆಂದರೆ ಸಣ್ಣ ಮಾತಲ್ಲ. ನನ್ನದು ಐದು ಪ್ರಶ್ನೆಯ ಪದ್ಧತಿ. ಸಾಲನ್ನು ಹಿಡಿದು ನಿಲ್ಲಿಸಿ ಯಾರು, ಯಾರಿಗೆ, ಯಾವಾಗ, ಏನು, ಯಾಕೆ ಎಂದು ಕೇಳಬೇಕು. ಐದಕ್ಕೂ ಉತ್ತರ ಸಿಕ್ಕ ಮೇಲೇ ಮುಂದಿನ ಸಾಲಿಗೆ ಕಾಲಿಡಬೇಕು. ಕೆಳಗಿನ ಶಾಲೆಯ ಹಾಲಪ್ಪ ಮೇಷ್ಟ್ರದು ಬೇರೆಯೇ ದಾರಿ. ಮೊದಲು ಸಂತೆ ಸುತ್ತಿದ ಹಾಗೆ ಇಡೀ ಪಾಠವನ್ನು ಒಂದೇ ಉಸಿರಿಗೆ ಸುತ್ತಿ ಬಾ, ಎಲ್ಲೂ ನಿಲ್ಲಬೇಡ, ಆಮೇಲೆ ನಿನ್ನನ್ನು ಎಳೆದ ಅಂಗಡಿಗೆ ವಾಪಸು ಹೋಗು ಎನ್ನುತ್ತಾರೆ ಅವರು. ಅವರ ಮಕ್ಕಳ ಪಾಠ ಬೇಗ ಮಾಗಿ ಬೇಗ ಹಸಿಯಾಗುತ್ತದೆ ಎಂದು ನಾನು, ನನ್ನ ಮಕ್ಕಳಿಗೆ ಮೊದಲ ಪುಟ ಮುಗಿಯುವಷ್ಟರಲ್ಲಿ ಮೀಸೆ ಬರುತ್ತದೆ ಎಂದು ಅವರು, ಹೀಗೆ ಇಪ್ಪತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದೆ ಬದುಕಿದ್ದೆವು. ಹಾಲಪ್ಪ ಎದುರಿಗೆ ಬಂದರೆ ನಾನು ಛತ್ರಿ ಬಿಚ್ಚುತ್ತಿದ್ದೆ, ಮಳೆ ಇರಲಿ ಬಿಡಲಿ.

ಅವತ್ತು ಮಧ್ಯಾಹ್ನ ಊಟಕ್ಕೆ ಬಂದರೆ ನೀಲಾಂಬಿಕೆ ಇಲ್ಲ. ತಟ್ಟೆ ಹಾಕಿದೆ, ಅನ್ನ ಸಾರು ಮುಚ್ಚಿಟ್ಟಿದೆ, ತಟ್ಟೆಯ ಪಕ್ಕ ಮಡಿಸಿದ ಹಾಳೆ. ಕೈಗೆತ್ತಿಕೊಂಡು ಬಿಚ್ಚಿದೆ. ಎಂಟು ಸಾಲಿತ್ತು. ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ.

"ಬಾಯಲ್ಲಿ ಹೇಳಿದರೆ ಅರ್ಥವಾಯಿತು ಎನ್ನುತ್ತೀರಿ, ಅದಕ್ಕೆ ಬರೆದಿದ್ದೇನೆ. ಶಾಂಭವಿಯ ಮನೆಯಲ್ಲಿ ಇರುತ್ತೇನೆ. ಜೋಳದ ಹಿಟ್ಟು ಎಡಗಡೆ ಡಬ್ಬದಲ್ಲಿದೆ, ಗೋಧಿಯದು ಬಲಗಡೆ. ಹಿತ್ತಲ ಬಾಗಿಲು ಬಿಗಿ, ಎತ್ತಿ ತಳ್ಳಬೇಕು. ಕೆಮ್ಮು ಬಂದರೆ ಗೂಡಿನಲ್ಲಿ ಹಿಪ್ಪಲಿ ಪುಡಿ ಇದೆ. ದಾಸವಾಳಕ್ಕೆ ಸಂಜೆ ನೀರು ಹಾಕಿ, ಬಿಸಿಲಲ್ಲಿ ಬೇಡ. ನಿಮ್ಮಿಂದ ದೂರ ಹೋಗಬೇಕೆಂದು ಹೋಗುತ್ತಿಲ್ಲ. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಬೇಡಿ."

ಮೊದಲ ಸಾಲು ಕಣ್ಣು ಬಿದ್ದ ಕೂಡಲೇ ಕಪ್ಪಾಯಿತು. ಯಾಕೆ ಆಗುವುದಿಲ್ಲ? ಅದು ನನ್ನ ಬಾಯಿಯ ಮಾತು. ಹಾಳೆಯ ಮೇಲೆ ಸುಳ್ಳು ನಡೆಯದ ಊರಿನಲ್ಲಿ ಬಾಯಿಮಾತಿಗೆ ಯಾವ ತಡೆಯೂ ಇಲ್ಲ. ಯಾರಾದರೂ ಮಾತು ಶುರು ಮಾಡಿದರೆ ಅವರ ವಾಕ್ಯ ಅರ್ಧದಲ್ಲಿರುವಾಗಲೇ ಅರ್ಥವಾಯಿತು ಎನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಮೇಷ್ಟ್ರು ಚುರುಕು ಎಂದು ಜನ ಹೊಗಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಉಳಿದ ಸಾಲುಗಳು ಒಂದೊಂದಾಗಿ ಮಾಗಿದವು. ಏಳನೆಯದು ಮಾತ್ರ ಬೂದಿಯಾಗಿಯೇ ನಿಂತಿತು. ನಿಮ್ಮಿಂದ ದೂರ ಹೋಗಬೇಕೆಂದು ಹೋಗುತ್ತಿಲ್ಲ. ಬೆಳಕಿಗೆ ಹಿಡಿದೆ, ಕನ್ನಡಕ ಒರೆಸಿಕೊಂಡೆ, ಹಾಳೆಯನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಅನ್ನ ತಣ್ಣಗಾಯಿತು.

ಮನೆ ಬಿಟ್ಟು ಹೋಗುವವರು ಕಾಗದ ಬರೆದಿಟ್ಟು ಹೋಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಉಳಿದವರು ಅದನ್ನು ಪೂರ್ತಿ ಮಾಗಿಸಿ, ಬರುವ ಹುಣ್ಣಿಮೆಯೊಳಗೆ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿದರೆ ಹೋದವರು ಎದ್ದು ಬರುತ್ತಾರೆ. ಒಂದು ಸಾಲು ಹಸಿ ಇದ್ದರೂ ಇಲ್ಲ. ಹುಣ್ಣಿಮೆಯ ಸಂಜೆ ಅವರು ಹೋದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ, ಅಲ್ಲಿಂದ ಮುಂದೆ ಅದು ಅವರ ಮನೆ, ಇದು ನಿಮ್ಮ ಮನೆ. ಹಸಿ ಸಾಲಿನ ಮೇಲೆ ಕಾಡಿಗೆ ತೀಡಿಕೊಂಡು ಹೋದ ಗಂಡಸರೂ ಇದ್ದಾರೆ. ಬೆರಳು ಮುಟ್ಟಿದರೆ ಬೆರಳಿಗೆ ಹತ್ತುತ್ತದೆ, ಆಮೇಲೆ ಆ ಮನುಷ್ಯ ಊರಲ್ಲಿ ತಲೆ ಎತ್ತುವುದು ಕಷ್ಟ. ನನ್ನ ಹುಣ್ಣಿಮೆಗೆ ಹನ್ನೆರಡು ದಿನ ಉಳಿದಿತ್ತು. ನೀಲಾ ಇಲ್ಲದ ಮನೆಯಲ್ಲಿ ಮುಂದಿನ ದಿನಗಳನ್ನು ನೆನೆಸಿಕೊಂಡೆ.

ಮೊದಲ ನಾಲ್ಕು ದಿನ ನನ್ನ ಪದ್ಧತಿಯನ್ನೇ ನಂಬಿದೆ. ಯಾರು? ನೀಲಾಂಬಿಕೆ. ಯಾರಿಗೆ? ನನಗೆ. ಯಾವಾಗ? ಸೋಮವಾರ, ನಾನು ಶಾಲೆಯಲ್ಲಿರುವಾಗ. ಏನು? ದೂರ ಹೋಗುವ ಇಚ್ಛೆ ಇಲ್ಲ ಎಂದಿದ್ದಾಳೆ. ಯಾಕೆ? ಅಲ್ಲಿಗೆ ಬಂದು ನಿಲ್ಲುತ್ತಿದ್ದೆ. ಬೇಡವೆಂದರೆ ಹೋಗುವುದೇಕೆ? ಒಂದೊಂದು ಉತ್ತರವನ್ನೂ ಹಲಗೆಯ ಮೇಲೆ ಬರೆದು ನೋಡಿದೆ. ಸಿಟ್ಟಿನಿಂದ ಹೋದಳು ಎಂದು ಬರೆದರೆ ಸಾಲು ಅಲುಗಲಿಲ್ಲ. ತಂಗಿ ಶಾಂಭವಿಗೆ ಮೈ ಸರಿಯಿಲ್ಲ ಎಂದುಕೊಂಡೆ, ಇಲ್ಲ. ನನಗೆ ಬುದ್ಧಿ ಕಲಿಸಲು ಎಂದುಕೊಂಡೆ, ಅದಕ್ಕೂ ಇಲ್ಲ. ಅದೇ ಸಾಲನ್ನು ನೂರ ಎಂಟು ಸಲ ಪ್ರತಿ ಮಾಡಿದೆ. ಕೈ ನೋಯಿತೇ ಹೊರತು ಬೇರೇನೂ ಆಗಲಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗಿ ಎದ್ದು, "ಸಾರ್, ಯಾಕೆ ಅನ್ನೋದಕ್ಕೆ ಉತ್ತರ ಪಾಠದಾಗೆ ಇಲ್ದಿದ್ರೆ ಏನ್ ಮಾಡ್ಬೇಕು?" ಎಂದಳು. ಕೂತ್ಕೋ ಎಂದೆ. ಪಾಪ, ಅವಳ ತಪ್ಪೇನೂ ಇರಲಿಲ್ಲ.

ಐದನೆಯ ದಿನ ಮಾನ ಮರ್ಯಾದೆ ಗಂಟುಕಟ್ಟಿಟ್ಟು ಹಾಲಪ್ಪ ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಹರಿದ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ನಗುತ್ತಾರೆ, ನಾಲ್ಕು ಜನರನ್ನು ಕರೆಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಅವರು ನಗಲಿಲ್ಲ. ಚಾಪೆ ಹಾಸಿದರು.

"ಕೂತ್ಕಳ್ರಿ ಮೇಷ್ಟ್ರೆ. ವಿಷ್ಯ ಗೊತ್ತಾತು. ಕಾಗ್ದ ನಂಗೆ ತೋರಿಸ್ಬ್ಯಾಡ್ರಿ, ಅದು ನಿಮ್ಮನಿ ಮಾತು. ಆದ್ರೆ ಒಂದ್ ಕೇಳ್ತೀನಿ. ಆ ಸಾಲು ಬಿಟ್ಟು ಮಿಕ್ಕಿದ್ದು ಒಂದೇ ಉಸಿರಿಗೆ ಓದೀರೇನು?"

"ಓದಿದ್ದೇನೆ."

"ಸುಳ್ಳು ಹೇಳ್ಬ್ಯಾಡ್ರಿ. ನೀವು ಸಾಲು ಹಿಡ್ಕಂಡು ಜಗ್ಗೋರು. ಈಗ ಓದ್ರಿ, ಮನಸಿನಾಗೆ."

ಓದಿದೆ. ಎಲ್ಲೂ ನಿಲ್ಲದೆ, ಹಸಿ ಸಾಲಿನ ಮೇಲೂ ನಿಲ್ಲದೆ, ಜಾಡಿಯ ತನಕ ಓಡಿದೆ.

"ಹಸಿ ಸಾಲಿನ ಹಿಂದೆ ಏನೈತಿ?"

"ದಾಸವಾಳ."

"ಮುಂದೆ?"

"ಉಪ್ಪಿನಕಾಯಿ."

ಹಾಲಪ್ಪ ಸೂಜಿಯನ್ನು ಚಪ್ಪಲಿಗೆ ಚುಚ್ಚಿಟ್ಟರು. "ಹಂಗಾದ್ರೆ ಅದನ್ನ ದೊಡ್ಡ ಮಾತು ಅಂತ ಬರ್ದಿಲ್ಲ ಆಯಮ್ಮ. ಬರೀತಾ ಬರೀತಾ ನಡುವೆ ಬಂದು ಬಿದ್ದೈತಿ. ಇನ್ನೊಂದ್ ಹೇಳ್ರಿ, ಇಡೀ ಕಾಗ್ದ ಯಾರ್ ಬಗ್ಗೆ ಐತಿ?"

ನಾನು ಸಾಲುಗಳ ಮೇಲೆ ಮತ್ತೊಮ್ಮೆ ಕಣ್ಣೋಡಿಸಿದೆ. ನನ್ನ ಹಿಟ್ಟು, ನನ್ನ ಕೆಮ್ಮು, ನನ್ನ ಉಪ್ಪಿನಕಾಯಿ. ಎಲ್ಲ ನನ್ನ ಬಗ್ಗೆ. ತನ್ನ ಬಗ್ಗೆ ಅವಳು ಬರೆದುಕೊಂಡದ್ದು, ಎಲ್ಲಿರುತ್ತೇನೆ ಎಂದು ವಿಳಾಸ ಹೇಳಿದ್ದನ್ನು ಬಿಟ್ಟರೆ, ಆ ಹಸಿ ಸಾಲೊಂದೇ. ಸಾಲು ಸಾಲಾಗಿ ಓದುವಾಗ ನಾಲ್ಕು ದಿನ ಕಾಣದ್ದು ಹಾಲಪ್ಪನ ಜಗಲಿಯ ಮೇಲೆ ಒಂದು ಗಳಿಗೆಯಲ್ಲಿ ಕಂಡಿತು. ಅದನ್ನು ಅವರಿಗೆ ಹೇಳಿದೆ, ಹೇಳಬೇಕಾಗಿತ್ತು. ಅವರು ಗೆದ್ದೆ ಎನ್ನಲಿಲ್ಲ. "ಇಷ್ಟು ನನ್ನ ಪದ್ಧತಿಗೆ ಬರ್ತದ್ರಿ. ಇದರ ಮುಂದಕ್ಕೆ ನಂಗೂ ಗೊತ್ತಿಲ್ಲ," ಎಂದು ಚಪ್ಪಲಿ ಕೈಗೆತ್ತಿಕೊಂಡರು. ಸಾಲು ಇನ್ನೂ ಬೂದಿಯಾಗಿಯೇ ಇತ್ತು. ಆದರೆ ಹೊರಡುವಾಗ ನಾವಿಬ್ಬರೂ ಕೈ ಮುಗಿದೆವು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಪಕ್ಕದ ಮನೆಯ ಗುರುಸಿದ್ಧವ್ವ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುವವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಆದರೆ ಅವಳು ಹಿಡಿದ ಹಾಳೆ ಹಸಿ ಉಳಿದದ್ದನ್ನು ಯಾರೂ ಕಂಡಿಲ್ಲ. ನನ್ನಂಥವರು ಅದನ್ನು ಅದೃಷ್ಟ ಎಂದು ತಳ್ಳಿಹಾಕಿದ್ದೆವು. ಆರನೆಯ ದಿನ ಅವಳೇ ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಮೇಷ್ಟ್ರೆ, ಆರು ದಿನದಿಂದ ಆ ಹಾಳಿ ನೋಡ್ತಾ ಕುಂತೀರಿ. ಅದ್ರಾಗೆ ಮಾಡೋ ಅಂಥದ್ದು ಏನಾರ ಬರ್ದಾಳೋ ಇಲ್ವೋ ನೀಲವ್ವ?"

"ಬರೆದಿದ್ದಾಳೆ. ಅದೆಲ್ಲ ಮಾಗಿದೆ."

"ಮಾಗಿದ್ದು ಬಿಡ್ರಿ. ಮಾಡೀರೇನು?"

ಮಾಡಿರಲಿಲ್ಲ. ಹಾಲಪ್ಪನ ಮನೆಯಿಂದ ಬಂದವನು ಹೋಟೆಲಿನ ಇಡ್ಲಿ ತಿಂದು ಮಲಗಿದ್ದೆ. ಗುರುಸಿದ್ಧವ್ವ ತಲೆ ತಲೆ ಚಚ್ಚಿಕೊಂಡಳು. ಕಾಗದದಲ್ಲಿ ಏನಿದೆಯೋ ಅದನ್ನು ಕೈಯಿಂದ ಮಾಡಿದ ಮೇಲೇ ಅದು ಓದಿದ ಹಾಗೆ, ಅಲ್ಲಿಯ ತನಕ ಬರೀ ನೋಡಿದ ಹಾಗೆ ಎಂದಳು. ಅವಳೆದುರು ವಾದ ಮಾಡುವ ಶಕ್ತಿ ನನಗಿರಲಿಲ್ಲ. ಕಾಗದವನ್ನು ಎಡಗೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದೆ.

ಹಿತ್ತಲ ಬಾಗಿಲು ಬಿಗಿ, ಎತ್ತಿ ತಳ್ಳಬೇಕು. ಆ ಬಾಗಿಲನ್ನು ನಾನು ತೆಗೆದವನೇ ಅಲ್ಲ. ನೀಲಾ, ಬಾಗಿಲು ತೆಗಿ ಎಂದು ಒಳಗಿಂದ ಕೂಗುತ್ತಿದ್ದೆ, ಬಾಗಿಲು ತೆರೆಯುತ್ತಿತ್ತು. ಅವತ್ತು ತಳ್ಳಿದೆ, ಅಲುಗಲಿಲ್ಲ. ಬಲ ಭುಜ ಕೊಟ್ಟು ಹಲಗೆಯನ್ನು ಮೇಲಕ್ಕೆ ಎತ್ತಿ, ಉಸಿರು ಕಟ್ಟಿ ನೂಕಿದಾಗ ಕಿರ್ರೆಂದು ಸರಿಯಿತು. ಭುಜದ ಮೂಳೆ ಚುರ್ರೆಂದಿತು. ಅವಳು ಮಲಗುವ ಮುಂಚೆ ಬಲ ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ವಯಸ್ಸಾಯಿತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಕೈಯಲ್ಲಿದ್ದ ಹಾಳೆ ನೋಡಿದೆ. ಮೊದಲೇ ಕಪ್ಪಾಗಿದ್ದ ನಾಲ್ಕನೆಯ ಸಾಲು ಈಗ ಮತ್ತಷ್ಟು ಕಪ್ಪಾಗಿತ್ತು, ಪಕ್ಕದ ಸಾಲುಗಳು ಅದರ ಮುಂದೆ ಮಾಸಲಾಗಿ ಕಂಡವು. ಮಾಗಿದ್ದರ ಒಳಗೂ ಇನ್ನೊಂದು ಮಾಗುವುದಿದೆ ಎಂದು ನನ್ನ ಪಾಠದಲ್ಲಿ ಎಲ್ಲೂ ಇರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ನನಗೆ ನಾಚಿಕೆಯಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ.

ಹಿಟ್ಟು ಕಲಸಿದೆ, ಗಿಡಕ್ಕೆ ನೀರು ಹಾಕಿದೆ, ಚಮಚ ಒರೆಸಿದೆ. ಒಂದೊಂದೇ ಸಾಲು ಕಾಡಿಗೆಯಷ್ಟು ಕಪ್ಪಾಯಿತು. ಉಳಿದದ್ದು ಅದೊಂದು. ಬೇಲಿಯ ಹತ್ತಿರ ಹೋಗಿ, "ಮಾಡಲಿಕ್ಕೆ ಆಗದ ಸಾಲಾದರೆ?" ಎಂದು ಕೇಳಿದೆ.

"ಏನ್ ಬರ್ದಾಳೆ?"

ಹೇಳಿದೆ. ಗುರುಸಿದ್ಧವ್ವ ಹಿಟ್ಟಿನ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. "ಅದನ್ನೂ ಮಾಡ್ರಿ ಮತ್ತೆ. ನೀವೂ ಮನಿ ಬಿಟ್ಟು ಹೋಗ್ರಿ, ಆಕಿಯಿಂದ ದೂರ ಹೋಗೋಕಲ್ದಂಗೆ."

ನಗಬೇಡಿ, ನಾನು ಅದನ್ನೂ ಮಾಡಿದೆ. ಮರುದಿನ ಬೆಳಿಗ್ಗೆ ಬೀಗ ಹಾಕಿ, ಕಾಗದ ಕೈಯಲ್ಲಿ ಹಿಡಿದು ಹೊರಟೆ. ಎಲ್ಲಿಗೆ ಎಂದು ಗೊತ್ತಿಲ್ಲ. ಎಲ್ಲಿಗಾದರೂ ಹೋಗುವವನಿಗೆ ಕಾಲು ತಾನಾಗಿ ದಾರಿ ಹಿಡಿಯುತ್ತದೆ, ಎಲ್ಲಿಗೂ ಅಲ್ಲದವನಿಗೆ ಮೂಲೆ ಮೂಲೆಯಲ್ಲೂ ನಿಲ್ಲಬೇಕಾಗುತ್ತದೆ. ಹುರಿಗಡಲೆ ಅಂಗಡಿಯ ಮುಂದೆ ನಿಂತೆ, ಕೆರೆ ಏರಿಯ ಮೇಲೆ ಕೂತೆ, ಎದ್ದೆ. ಸೊಪ್ಪು ಮಾರುವವನು "ಏನ್ ಹುಡುಕ್ತಿದೀರಿ ಮೇಷ್ಟ್ರೆ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹಾಗೆ ಹೇಳಿದ ಕೂಡಲೇ ಸಾಲಿನ ಮೊದಲ ಅಕ್ಷರ ಒಮ್ಮೆ ಕಪ್ಪಾಗಿ ಮತ್ತೆ ಮಂಕಾಯಿತು. ನಾನು ಕಂಡೆ, ಖಂಡಿತ ಕಂಡೆ. ಏನೋ ಹುಡುಕಿಕೊಂಡು ಹೋಗಿದ್ದಾಳೆ. ಏನೆಂದು ಮಾತ್ರ ಹೊಳೆಯಲಿಲ್ಲ.

ಆ ಏರಿಯ ಮೇಲೆ ಕೂತಾಗ ನೆನಪಾದದ್ದು ಎಂಟು ತಿಂಗಳ ಹಿಂದಿನ ಒಂದು ಸಂಜೆ. ಅವಳ ತಾಯಿ ಶಾಂಭವಿಯ ಮನೆಯಲ್ಲೇ ಇದ್ದವರು, ಅಲ್ಲೇ ತೀರಿಕೊಂಡರು. ಹದಿಮೂರು ದಿನ ಕಳೆದು ನೀಲಾ ಮನೆಗೆ ಬಂದಳು. ನಾನು ಮಕ್ಕಳ ಹೆಸರುಪಟ್ಟಿ ತಿದ್ದುತ್ತಿದ್ದೆ. ಅವಳು ಬಾಗಿಲ ಹತ್ತಿರ ನಿಂತು, "ನಂಗೆ ಯಾಕೋ..." ಎಂದಳು. ನಾನು ತಲೆ ಎತ್ತದೆ, ಅರ್ಥವಾಯಿತು, ಮಲಗಿ ಎದ್ದರೆ ಸರಿಹೋಗುತ್ತದೆ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಎಂದೆ. ಅವಳು ಒಳಗೆ ಹೋದಳು. ಆ ಮಾತಿನ ಉಳಿದರ್ಧ ಏನಿತ್ತು? ಎಂಟು ತಿಂಗಳಲ್ಲಿ ನಾನು ಒಂದು ದಿನವೂ ಕೇಳಲಿಲ್ಲ. ಊರಿನ ಮಕ್ಕಳಿಗೆಲ್ಲ ಐದು ಪ್ರಶ್ನೆ ಕಲಿಸಿದವನು ಸ್ವಂತ ಹೆಂಡತಿಗೆ ಒಂದನ್ನೂ ಕೇಳಿರಲಿಲ್ಲ.

ಇದು ಗೊತ್ತಾದ ಮೇಲಾದರೂ ಮಾಗಬೇಕಿತ್ತಲ್ಲ, ಮಾಗಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ದಿನಗಳು ಉರುಳಿದವು. ಹನ್ನೆರಡನೆಯ ದಿನ ಹುಣ್ಣಿಮೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕಾಗದ ಕೈಗೆತ್ತಿಕೊಂಡರೆ ಏಳು ಸಾಲು ಕಪ್ಪು, ಒಂದು ಬೂದಿ. ಹಸಿ ಕಾಗದ ಹಿಡಿದು ಯಾರೂ ಹೋಗುವುದಿಲ್ಲ. ಹೋದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾರೆ, ಅದಕ್ಕಿಂತ ಮನೆಯಲ್ಲೇ ಬಾಗಿಲು ಹಾಕಿಕೊಂಡು ಅತ್ತರೆ ಮೇಲು ಎಂದು ಜನ ಹೇಳುತ್ತಾರೆ. ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಹೊರಟೆ. ಬೀದಿಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡಿದರು. ನಾನು ಮುಚ್ಚಿಕೊಳ್ಳಲಿಲ್ಲ.

ಶಾಂಭವಿಯ ಮನೆ ಕೆರೆಯ ಆಚೆ ದಂಡೆಯಲ್ಲಿ. ಅಂಗಳದಲ್ಲಿ ಆಗಲೇ ಮೂರು ಕಲ್ಲು ತೊಳೆದಿಟ್ಟಿದ್ದರು. ಶಾಂಭವಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ಮಾಗೈತಾ ಭಾವ?"

"ಇಲ್ಲ."

"ಮತ್ಯಾಕ್ ಬಂದ್ರಿ?"

"ಮಾಗಿಲ್ಲ ಅಂತ ಹೇಳೋಕೆ ಬಂದೆ."

ಅವಳು ಏನೋ ಅನ್ನಬೇಕೆಂದಿದ್ದಳು, ಅಷ್ಟರಲ್ಲಿ ಒಳಗಿಂದ ನೀಲಾ ಬಂದಳು. ಹನ್ನೆರಡು ದಿನದಲ್ಲಿ ಇಳಿದುಹೋಗಿದ್ದಳು. ನನ್ನ ಕೈ ನೋಡಿದಳು, ಹಾಳೆ ನೋಡಿದಳು, ಮುಖ ಪೆಚ್ಚಾಯಿತು. ದಾರಿಯುದ್ದಕ್ಕೂ ಒಂದು ದೊಡ್ಡ ಮಾತು ಕಟ್ಟಿಕೊಂಡು ಬಂದಿದ್ದೆ. ಎದುರಿಗೆ ನಿಂತಾಗ ಅದೆಲ್ಲ ಹಾರಿಹೋಗಿ ಬಾಯಿಗೆ ಬಂದದ್ದು ಎರಡೇ ಪದ. "ನನಗೆ ಅರ್ಥವಾಗಿಲ್ಲ," ಎಂದೆ.

ನೀಲಾ ಒಂದು ಹೆಜ್ಜೆ ಮುಂದೆ ಬಂದು, "ಇನ್ನೊಂದ್ಸಲ ಹೇಳ್ರಿ," ಎಂದಳು.

"ನನಗೆ ಅರ್ಥವಾಗಿಲ್ಲ, ನೀಲಾ. ಎಲ್ಲಾ ಥರ ಓದಿದೆ. ಹಾಲಪ್ಪನ್ನೂ ಕೇಳ್ದೆ."

"ಹಾಲಪ್ಪನ್ನಾ?" ಅವಳ ತುಟಿಯ ತುದಿಯಲ್ಲಿ ನಗು ಬಂದು ಹೋಯಿತು.

"ಹೂಂ. ನೀನೇ ಓದಿ ಹೇಳು," ಎಂದು ಕಾಗದವನ್ನು ಅವಳ ಕೈಗೆ ಕೊಟ್ಟೆ.

ಶಾಂಭವಿ ಅಯ್ಯೋ ಎಂದಳು. ಬರೆದವರ ಕೈಗೆ ಅವರದೇ ಕಾಗದವನ್ನು ಮರಳಿ ಕೊಡುವುದು ನಮ್ಮಲ್ಲಿ ಇಲ್ಲ. ಹಲಗೆಯ ಮೇಲಿಟ್ಟು ಬರೆಯುತ್ತೇವೆ, ಬರೆದದ್ದನ್ನು ಹಾಗೆಯೇ ಮುಗುಚಿ ಮಡಿಸುತ್ತೇವೆ. ಬರೆದವರಿಗೆ ಅದು ಮಾಗಿಯೇ ಇರುತ್ತದೆ, ಅದರಲ್ಲಿ ನೋಡುವುದೇನು ಎಂದು ಎಲ್ಲರ ನಂಬಿಕೆ. ನೀಲಾ ಹಿಡಿದುಕೊಂಡಳು. ಅಕ್ಷರಗಳೆಲ್ಲ ಒಮ್ಮೆ ಬೂದಿಯಾಗಿ, ಸಾಲು ಸಾಲಾಗಿ ಕಪ್ಪಾಗುತ್ತಾ ಬಂದವು. ಹಿಟ್ಟು, ಬಾಗಿಲು, ಹಿಪ್ಪಲಿ, ದಾಸವಾಳ. ಏಳನೆಯ ಸಾಲಿಗೆ ಬಂದು ನಿಂತಿತು. ಅದನ್ನು ಬಿಟ್ಟು ಉಪ್ಪಿನಕಾಯಿ ಕಪ್ಪಾಯಿತು. ನಾವು ಮೂವರೂ ಬಗ್ಗಿ ನೋಡಿದೆವು. ಅವಳ ಕೈಯಲ್ಲೂ ಅದು ನನ್ನ ಕೈಯಲ್ಲಿ ಇದ್ದಷ್ಟೇ ಹಸಿ ಇತ್ತು.

"ಅಕ್ಕಾ, ನೀನೇ ಬರ್ದಿದ್ದಲ್ವೇನೇ?" ಎಂದು ಶಾಂಭವಿ ಮೆಲ್ಲಗೆ ಕೇಳಿದಳು.

ನೀಲಾ ಜಗಲಿಯ ಮೇಲೆ ಕುಸಿದು ಕೂತಳು. ಹಾಳೆ ಅವಳ ಕೈಯಿಂದ ಜಾರಿ ಪಕ್ಕಕ್ಕೆ ಬಿತ್ತು. ನಾನು ಹನ್ನೆರಡು ದಿನ ಅವಳು ಎಲ್ಲೋ ಬಚ್ಚಿಟ್ಟ ಉತ್ತರ ಹುಡುಕುತ್ತಿದ್ದೆ. ಅವಳ ಹತ್ತಿರವೂ ಉತ್ತರ ಇರಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

ಅವಳು ಅಂಗಳದ ಕಡೆ ನೋಡುತ್ತಾ ಮಾತು ಶುರು ಮಾಡಿದಳು. "ಅಮ್ಮ ಹೋದ ದಿನ ಎಲ್ರೂ ಅತ್ರು. ಶಾಂಭವಿ ಅತ್ಲು, ಬೀದಿಯೋರು ಅತ್ರು. ನಂಗೆ ಬರ್ಲಿಲ್ಲ."

ಅರ್ಥವಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹಲ್ಲು ಕಚ್ಚಿ ನುಂಗಿದೆ. ನನಗೆ ನಿಜವಾಗಿ ಅರ್ಥವಾಗಿರಲಿಲ್ಲ. "ಆಮೇಲೆ?" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಹಾಗೆ ಕೇಳಿದ್ದು ಅವಳಿಗೆ ಹೊಸದು. "ಆಮೇಲೆ ಏನು, ಬರ್ಲೇ ಇಲ್ಲ. ಹದಿಮೂರು ದಿನ ಆತು, ತಿಂಗ್ಳಾತು. ರೊಟ್ಟಿ ಬಡಿಯುವಾಗ ಬರ್ಬಹುದು ಅಂದ್ಕೊಂಡೆ, ಈರುಳ್ಳಿ ಹೆಚ್ಚುವಾಗ ಕಣ್ಣಾಗೆ ನೀರು ಬಂದ್ರೆ ಈಗ ಬಂತೇನೋ ಅಂತ ಕಾಯ್ತಿದ್ದೆ. ನಾನೇನ್ ಕಲ್ಲಾ ಅಂತ ನಿಮ್ಮನ್ನ ಕೇಳ್ಬೇಕು ಅಂತ ಬಾಗಿಲಿಗೆ ಬಂದಿದ್ದೆ, ಹದಿಮೂರು ದಿನ ಕಳ್ದು ಮನೆಗೆ ಬಂದ ಸಂಜೇನೇ."

"ಆಮೇಲೆ?"

"ಆಮೇಲೆ ನಿಮಗೆ ಅರ್ಥವಾಗಿಬಿಡ್ತು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ತಲೆ ತಗ್ಗಿಸಿದೆ. ಅವಳೇ ಮುಂದುವರಿಸಿದಳು. "ಅಮ್ಮ ಮಲಗ್ತಿದ್ದ ಜಾಗ ಇಲ್ಲೈತಲ್ಲ, ಇಲ್ಲಿಗೆ ಬಂದ್ರೆ ಅಳು ಬರ್ತದೇನೋ ಅಂತ ಬಂದೆ ಅಂತ ಕಾಣ್ತದೆ. ಬರೆಯುವಾಗ ಅದು ನಂಗೇ ಗೊತ್ತಿರ್ಲಿಲ್ಲ. ದೂರ ಹೋಗೋಕಲ್ಲ ಅನ್ನೋದೊಂದು ಗೊತ್ತಿತ್ತು, ಅದನ್ನ ಬರ್ದೆ. ಅಮ್ಮನ ಚಾಪೆ ಮೇಲೆ ಹನ್ನೆರಡು ದಿನ ಮಲಗ್ದೆ. ಇಲ್ಲೂ ಬರ್ಲಿಲ್ಲ."

ಮೂರನೆಯ ಸಲ ಆಮೇಲೆ ಎಂದು ಕೇಳುವಾಗ ನನ್ನ ದನಿ ಒಡೆಯಿತು. ಅವಳು ಉತ್ತರ ಹೇಳಲು ಬಾಯಿ ತೆರೆದಳು. ತುಟಿ ಅದುರಿತು, ಗಲ್ಲ ಅದುರಿತು, ಆಮೇಲೆ ಎಲ್ಲಿಂದಲೋ ಒಂದು ಬಿಕ್ಕು ಬಂತು. ನನ್ನ ಭುಜಕ್ಕೆ ಹಣೆಯೊತ್ತಿ, ಎಂಟು ತಿಂಗಳದ್ದೆಲ್ಲ ಒಟ್ಟಿಗೆ ಬಂದ ಹಾಗೆ, ಅವ್ವಾ ಅವ್ವಾ ಎಂದು ಗೋಳಾಡಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಸುಮ್ಮನೆ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಶಾಂಭವಿಯೂ ಬಂದು ಅಕ್ಕನ ಕಾಲ ಹತ್ತಿರ ಕೂತು ಅತ್ತಳು. ನನ್ನ ಕಣ್ಣೂ ಒದ್ದೆಯಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಶಾಂಭವಿ ಮೂಗು ಒರೆಸಿಕೊಂಡು ಎದ್ದು, ಅಂಗಳದ ಕಲ್ಲುಗಳ ಕಡೆ ಕೈ ತೋರಿಸಿದಳು. "ಈಗೇನ್ ಮಾಡೋಣ ಅಕ್ಕಾ? ಕಾಗ್ದ ಹಸಿ ಐತೋ ಮಾಗೈತೋ, ಯಾರಾದ್ರೂ ಹಿಡಿದು ನೋಡ್ಬಾರ್ದೇನು?"

ಯಾರೂ ಹಿಡಿಯಲಿಲ್ಲ. ಹಾಳೆ ಜಗಲಿಯ ಮೇಲೆ ಬೂದಿ ಬಣ್ಣದ ಎಂಟು ಸಾಲು ಹೊತ್ತುಕೊಂಡು ಬಿದ್ದಿತ್ತು. ನೀಲಾ ಸೆರಗಿನಿಂದ ಮುಖ ಒರೆಸಿಕೊಂಡು, "ಕಲ್ಲು ತೆಗೆದಿಡೇ. ನಂದಿನ್ನೂ ಮಾತು ಮುಗ್ದಿಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಆ ಸಾಲು ಕೊನೆಗೂ ಮಾಗಿತೇ ಎಂದು ಊರಿನವರು ಈಗಲೂ ಕೇಳುತ್ತಾರೆ. ನಾವು ನೋಡಲಿಲ್ಲ. ಕೆರೆ ಏರಿಯ ಮೇಲೆ ಅವಳು ಅಮ್ಮನ ಬಗ್ಗೆ ಹೇಳುತ್ತಾ ಮನೆಯ ಕಡೆ ನಡೆದಳು, ಅಮ್ಮ ಹೇಗೆ ಬೈಯುತ್ತಿದ್ದಳು, ಹೇಗೆ ನಗುತ್ತಿದ್ದಳು, ಯಾವ ಮಗಳ ಮೇಲೆ ಹೆಚ್ಚು ಪ್ರೀತಿ ಎಂದು ಇಬ್ಬರಿಗೂ ಹೇಗೆ ಸುಳ್ಳು ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ನಡೆದೆ. ಅರ್ಧ ದಾರಿಯಲ್ಲಿ ಅವಳು ನಿಂತು, "ಕೇಳಿಸ್ಕೊಳ್ತಿದೀರಾ?" ಎಂದಳು.

"ಕೇಳ್ತಿದೀನಿ. ಎಲ್ಲಾ ಅರ್ಥವಾಗ್ತಿಲ್ಲ."

"ಆಗ್ದಿದ್ರೆ ಇರ್ಲಿ," ಎಂದಳು, "ನಂಗೂ ಆಗ್ತಿಲ್ಲ." ನನ್ನ ಕೈ ಹಿಡಿದುಕೊಂಡು, ಬಿಟ್ಟಲ್ಲಿಂದ ಮತ್ತೆ ಹೇಳಲು ಶುರು ಮಾಡಿದಳು.